ಕೈಯಲ್ಲಿ ಕಸುಬು, ಕಾಗದದಲ್ಲಿ ಕರಾರು
ಪರದೇಶಕ್ಕೆ ದುಡಿಯಲು ಹೊರಡುವ ನಮ್ಮ ಯುವಕರಿಗೂ ಅವರ ಮನೆಯವರಿಗೂ

ಜುಮಾ ನಮಾಜ್ ಮುಗಿದ ಮೇಲೆ ಯುವಕರು ನಮ್ಮ ಬಳಿ ತರುವ ಪ್ರಶ್ನೆಗಳಲ್ಲಿ ಈಚೆಗೆ ಒಂದು ಮತ್ತೆ ಮತ್ತೆ ಬರುತ್ತಿದೆ: "ಹಜ್ರತ್, ಗಲ್ಫ್‌ಗೆ ವೀಸಾ ಬಂದಿದೆ, ಹೋಗಬಹುದಾ?" ಕೇಳುವವರಲ್ಲಿ ಗಾರೆ ಕೆಲಸದವರು, ವೈರಿಂಗ್, ವೆಲ್ಡಿಂಗ್, ಟೈಲ್ಸ್ ಬಲ್ಲವರು ಇದ್ದಾರೆ. ಅವರಿಗೆ ನಾವು ಮೂರು ಪ್ರಶ್ನೆ ಹಾಕುತ್ತೇವೆ. ಕೆಲಸ ಕೊಡುವವನು ಯಾರು? ಸಂಬಳ ಎಷ್ಟೆಂದು ಕಾಗದದಲ್ಲಿ ಬರೆದಿದೆ? ಯಾರಿಗೆ ಎಷ್ಟು ಹಣ ಕೊಟ್ಟಿದ್ದೀರಿ? ಹೆಚ್ಚಿನವರಿಗೆ ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ ಗೊತ್ತಿರುತ್ತದೆ. ಆದ್ದರಿಂದ ಇದೇ ವಿಷಯದ ಖುತ್ಬಾದ ಸಾರವನ್ನು, ತಿಳಿದಿರಬೇಕಾದ ನಿಯಮಗಳ ಜೊತೆಗೆ, ಇಲ್ಲಿ ಕೊಡುತ್ತಿದ್ದೇವೆ.

ಪೇಟೆ ಎಲ್ಲಿದೆ?

ಮಕ್ಕಾದಿಂದ ಹಿಜ್ರತ್ ಮಾಡಿ ಬಂದವರಲ್ಲಿ ಹಜ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಒಬ್ಬರು. ಊರು, ಆಸ್ತಿ, ವ್ಯಾಪಾರ ಎಲ್ಲವೂ ಹಿಂದೆ ಉಳಿದಿತ್ತು. ಪ್ರವಾದಿ(ಸ)ಯವರು ಅವರನ್ನು ಮದೀನಾದ ಸಅದ್ ಬಿನ್ ರಬೀಅ್(ರ)ರೊಂದಿಗೆ ಸಹೋದರ ಸಂಬಂಧದಲ್ಲಿ ಸೇರಿಸಿದರು. ಸಅದ್(ರ) ತಮ್ಮ ಸಂಪತ್ತಿನಲ್ಲಿ ಅರ್ಧ ಕೊಡಲು ಮುಂದಾದರು. ಅಬ್ದುರ್ರಹ್ಮಾನ್(ರ) ಅವರಿಗಾಗಿ ಬರಕತ್‌ನ ದುಆ ಮಾಡಿ, ಪೇಟೆಯ ದಾರಿ ತೋರಿಸಿ ಎಂದಷ್ಟೇ ಕೇಳಿದರು. ಒಣಮೊಸರು, ತುಪ್ಪದ ವ್ಯಾಪಾರದಿಂದ ಆರಂಭಿಸಿ ಸ್ವಲ್ಪ ಕಾಲದಲ್ಲೇ ಸ್ವಂತ ಕಾಲ ಮೇಲೆ ನಿಂತರು.

ಇದರಲ್ಲಿ ಹೋಗುವವನಿಗೂ ಪಾಠವಿದೆ, ಅಲ್ಲಿ ಮೊದಲೇ ನೆಲೆಸಿದವನಿಗೂ ಪಾಠವಿದೆ. ಹೋಗುವವನು ತನ್ನ ಕಸುಬನ್ನು ಜೊತೆಗೆ ಒಯ್ಯಬೇಕು. ನೆಲೆಸಿದವನು ಹೊಸಬನಿಗೆ ನೇರವಾದ ದಾರಿ ತೋರಿಸಬೇಕು. ಸಅದ್(ರ) ದಾರಿ ತೋರಿಸಿದ್ದಕ್ಕೆ ಕಮಿಷನ್ ಕೇಳಲಿಲ್ಲ. ಇಂದು ಅಲ್ಲಿ ಕೂತು ತನ್ನ ಊರಿನ ಹುಡುಗರಿಗೇ ವೀಸಾ ಮಾರುವವರು ಇದನ್ನು ನೆನೆಯಬೇಕು.

ಬಂಧುವಿಲ್ಲದ ಊರಿಗೆ ಕಾಗದವೇ ಬಂಧು

ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫ್ ಹೊಸದಲ್ಲ. ಅಲ್ಲಿನ ಹುಡುಗ ಹೊರಟರೆ ವಿಮಾನ ನಿಲ್ದಾಣಕ್ಕೆ ಕರೆದೊಯ್ಯಲು ಮಾವನೋ ಚಿಕ್ಕಪ್ಪನೋ ಬರುತ್ತಾನೆ. ಕಂಪನಿ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಊರಿನವರು ಇರುತ್ತಾರೆ. ಅಜ್ಜೀಪುರ, ರಾಮಾಪುರ, ಕೌದಳ್ಳಿ, ಹನೂರಿನ ಕಡೆಯವರು ತಲೆಮಾರುಗಳಿಂದ ದುಡಿಯಲು ಹೋದದ್ದು ಕೊಳ್ಳೇಗಾಲ, ಮೈಸೂರು, ಬೆಂಗಳೂರು, ಹೆಚ್ಚೆಂದರೆ ಗಡಿ ದಾಟಿ ಕೊಯಮತ್ತೂರು, ತಿರುಪ್ಪೂರಿಗೆ. ಅಲ್ಲಿ ಕೂಲಿ ಕೊಡದಿದ್ದರೆ ರಾತ್ರಿ ಬಸ್ ಹತ್ತಿ ಮನೆಗೆ ಬರಬಹುದು. ಸಮುದ್ರದಾಚೆಯಿಂದ ಹಾಗೆ ಬರಲಾಗದು. ಹೇಳಿಕೊಳ್ಳಲು ಬಂಧುವಿಲ್ಲದ ಊರಿನಲ್ಲಿ ಮನುಷ್ಯನ ಪರವಾಗಿ ಮಾತಾಡುವುದು ಅವನ ಕೈಯಲ್ಲಿರುವ ಕಾಗದ ಮಾತ್ರ.

ಪವಿತ್ರ ಕುರ್‌ಆನಿನ ಅತಿ ಉದ್ದದ ವಚನ ಅಲ್ ಬಕರ ಅಧ್ಯಾಯದ 282ನೆಯದು. ಅದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಸಾಕ್ಷಿಗಳನ್ನು ನಿಲ್ಲಿಸುವ ಬಗ್ಗೆ ಇದೆ. "ನಮ್ಮವನೇ ಏಜೆಂಟ್, ಕಾಗದ ಯಾಕೆ, ನಂಬಿಕೆ ಸಾಲದಾ?" ಎಂದು ಹೇಳುವವರು ಇದನ್ನು ಯೋಚಿಸಲಿ. ಬರೆದಿಟ್ಟರೆ ನಂಬಿಕೆ ಕೆಡುವುದಿಲ್ಲ, ಇಬ್ಬರ ನಂಬಿಕೆಯೂ ಉಳಿಯುತ್ತದೆ.

ಮೊದಲು ಕಸುಬಿಗೆ ಸರ್ಟಿಫಿಕೇಟ್

ಹತ್ತು ವರ್ಷ ಮೇಸ್ತ್ರಿ ಕೈಕೆಳಗೆ ಕಲಿತವನು ಒಳ್ಳೆಯ ಕೆಲಸಗಾರನೇ. ಆದರೆ ಕಾಣದ ದೇಶದ ಮಾಲೀಕನಿಗೆ ಅದು ಹೇಗೆ ಗೊತ್ತಾಗಬೇಕು? ಸರ್ಟಿಫಿಕೇಟ್ ಇಲ್ಲದ ಎಲೆಕ್ಟ್ರಿಷಿಯನ್ ಅಲ್ಲಿ ಹೆಲ್ಪರ್ ಆಗಿ, ಹೆಲ್ಪರ್ ಸಂಬಳಕ್ಕೆ ದುಡಿಯುತ್ತಾನೆ. ಐಟಿಐ ಮುಗಿಸಿದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಸಿಗುತ್ತದೆ. ಶಾಲೆ ಬಿಟ್ಟು ಕೆಲಸ ಕಲಿತವರಿಗೂ ದಾರಿಯಿದೆ. ಕೇಂದ್ರ ಸರ್ಕಾರದ ಕೌಶಲ ವಿಕಾಸ ಯೋಜನೆಯಲ್ಲಿ, ಈಗಾಗಲೇ ಬಲ್ಲ ಕಸುಬನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ಎಂಬ ವ್ಯವಸ್ಥೆ ಇದೆ. ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಬೇಕು.

ಸೌದಿ ಅರೇಬಿಯಾ ಈಗ ಭಾರತದಲ್ಲೇ ಕೌಶಲ ಪರೀಕ್ಷೆ ನಡೆಸುತ್ತಿದೆ. ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್, ಎಸಿ ಮೆಕ್ಯಾನಿಕ್, ವಾಹನ ಎಲೆಕ್ಟ್ರಿಷಿಯನ್ ಎಂಬ ಐದು ಕಸುಬುಗಳಿಂದ ಆರಂಭವಾಗಿ ಪಟ್ಟಿ ಬೆಳೆಯುತ್ತಾ ಬಂದಿದೆ. ಅದರಲ್ಲಿ ಬರವಣಿಗೆಯ ಪರೀಕ್ಷೆಯೂ ಕೈಕೆಲಸದ ಪರೀಕ್ಷೆಯೂ ಇರುತ್ತದೆ. ಪಟ್ಟಿಯಲ್ಲಿರುವ ಕಸುಬಿನವರು ಇದನ್ನು ಪಾಸಾದ ಮೇಲೆಯೇ ಕೆಲಸದ ವೀಸಾ.

ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಎಂದರೇನು?

ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಇಸಿಆರ್ ಎಂದು ಮುದ್ರಿತವಾಗಿರುತ್ತದೆ. ಅಂಥವರು ಕೆಲಸಕ್ಕಾಗಿ 18 ದೇಶಗಳಿಗೆ ಹೋಗಬೇಕಾದರೆ, 1983ರ ವಲಸೆ ಕಾಯ್ದೆಯಂತೆ ಸರ್ಕಾರದ ಅನುಮತಿ ಬೇಕು. ಸೌದಿ ಅರೇಬಿಯಾ, ಯುಎಇ, ಕತಾರ್, ಕುವೈತ್, ಒಮಾನ್, ಬಹರೈನ್, ಮಲೇಷ್ಯಾ ಎಲ್ಲವೂ ಆ ಪಟ್ಟಿಯಲ್ಲಿವೆ. ಈ ಅನುಮತಿಯನ್ನು ಇ-ಮೈಗ್ರೇಟ್ ಎಂಬ ಸರ್ಕಾರಿ ವೆಬ್‌ಸೈಟಿನ ಮೂಲಕ ವಲಸೆ ಸಂರಕ್ಷಣಾಧಿಕಾರಿ ಕೊಡುತ್ತಾರೆ. ಅವರ ಕಚೇರಿ ಬೆಂಗಳೂರಿನಲ್ಲೂ ಇದೆ.

ಇದನ್ನು ತೊಡಕೆಂದು ತಿಳಿದು ತಪ್ಪಿಸಿಕೊಳ್ಳಲು ನೋಡುವವರಿದ್ದಾರೆ. ಆದರೆ ಈ ದಾರಿಯಲ್ಲಿ ಹೋದರೆ ಮಾಲೀಕನ ಹೆಸರು, ಸಂಬಳ, ಕರಾರು ಎಲ್ಲವೂ ನಮ್ಮ ಸರ್ಕಾರದ ದಾಖಲೆಗೆ ಸೇರುತ್ತವೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಆಗುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು, ಅದರ ಮೇಲೆ ತೆರಿಗೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿ ಪರಿಹಾರ. ಕಟ್ಟಡದ ಎತ್ತರದಲ್ಲಿ ದುಡಿಯುವವನ ಹೆಂಡತಿ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಈ ಅನುಮತಿ ಬೇಕಿಲ್ಲ. ಅಂದರೆ ಅವರ ಕರಾರನ್ನು ಇಲ್ಲಿ ಯಾವ ಅಧಿಕಾರಿಯೂ ನೋಡುವುದಿಲ್ಲ. ಓದಿದವರು ತಮ್ಮ ಕಾಗದವನ್ನು ತಾವೇ ಎರಡು ಪಟ್ಟು ಎಚ್ಚರದಿಂದ ನೋಡಬೇಕು.

ಏಜೆಂಟರಿಗೆ ಎಷ್ಟು ಕೊಡಬೇಕು?

ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಸಂಖ್ಯೆ ಸರಿಯೇ, ಈಗಲೂ ಚಾಲ್ತಿಯಲ್ಲಿದೆಯೇ ಎಂದು ಇ-ಮೈಗ್ರೇಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಊರೂರು ತಿರುಗುವ ಸಬ್-ಏಜೆಂಟ್‌ಗೆ ಹಣ ತೆಗೆದುಕೊಳ್ಳುವ ಅಧಿಕಾರವೇ ಇಲ್ಲ. ನೋಂದಾಯಿತ ಏಜೆಂಟ್ ಕೂಡ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಶೇಕಡ 18ರ ಜಿಎಸ್‌ಟಿ ಸೇರಿಸಿದರೆ 35,400 ಆಗುತ್ತದೆ. ಅದಕ್ಕೂ ರಸೀದಿ ಕೊಡಲೇಬೇಕು.

ಈಗ ಲೆಕ್ಕ ಹಾಕೋಣ. ಒಬ್ಬ ತಂದೆ ಮಗನ ವೀಸಾಕ್ಕೆಂದು ಒಂದೂವರೆ ಲಕ್ಷವನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ತಂದನೆಂದು ಇಟ್ಟುಕೊಳ್ಳಿ. ಬಡ್ಡಿಯೇ ತಿಂಗಳಿಗೆ 4,500, ವರ್ಷಕ್ಕೆ 54,000. ಮಗ ಅಲ್ಲಿ ಊಟ, ರೂಮು ಕಳೆದು ಕಳಿಸುವ ಹಣ ಮೊದಲು ಈ ಬಡ್ಡಿಗೆ ಹೋಗುತ್ತದೆ, ಅಸಲು ಹಾಗೇ ನಿಂತಿರುತ್ತದೆ. ಕೆಲಸ ಕೆಟ್ಟದಾಗಿದ್ದರೂ ಅವನು ಬಿಟ್ಟು ಬರಲಾರ, ಸಾಲ ಅವನನ್ನು ಅಲ್ಲಿ ಕಟ್ಟಿಹಾಕಿರುತ್ತದೆ. ಬಡ್ಡಿ ಹರಾಮ್ ಎಂದು ನಾವು ಮಿಂಬರ್ ಮೇಲೆ ಹೇಳುವುದಕ್ಕೆ ಇಂಥ ಮನೆಗಳೇ ಕಾರಣ. ಹಲಾಲ್ ದುಡಿಮೆಗೆಂದು ಹೊರಟ ಪ್ರಯಾಣ ಬಡ್ಡಿಯಿಂದ ಆರಂಭವಾಗದಿರಲಿ.

ವಿಸಿಟ್ ವೀಸಾ, ಆಜಾದ್ ವೀಸಾ

"ಈಗ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕೆಲಸ ಹುಡುಕಿಕೋ" ಎಂಬ ಮಾತು ಸಾಮಾನ್ಯ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಕಾನೂನಿಗೆ ವಿರುದ್ಧ. ಕೂಲಿ ಕೊಡದಿದ್ದರೆ ದೂರು ಕೊಡಲು ಕರಾರೇ ಇರುವುದಿಲ್ಲ. ಅವಧಿ ಮೀರಿ ಉಳಿದರೆ ಯುಎಇಯಲ್ಲಿ ದಿನಕ್ಕೆ 50 ದಿರ್ಹಮ್ ದಂಡ ಏರುತ್ತಾ ಹೋಗುತ್ತದೆ.

ಆಜಾದ್ ವೀಸಾ, ಫ್ರೀ ವೀಸಾ ಎಂಬುದು ಯಾವ ಗಲ್ಫ್ ದೇಶದ ಕಾನೂನಿನಲ್ಲೂ ಇಲ್ಲ. ಯಾವನೋ ಒಬ್ಬ ಕಫೀಲ್ ತನ್ನಲ್ಲಿ ಕೆಲಸವಿದೆಯೆಂದು ವೀಸಾ ತೆಗೆದು ಮಾರುತ್ತಾನೆ. ಕೊಂಡವನು ಬೇರೆಯವರಲ್ಲಿ ದುಡಿಯುತ್ತಾನೆ. ಸಿಕ್ಕಿಬಿದ್ದರೆ ತಪ್ಪು ದುಡಿದವನ ಮೇಲೆ. ಕಫೀಲ್‌ಗೆ ಸಿಟ್ಟು ಬಂದು ಸೌದಿಯಲ್ಲಿ ಹುರೂಬ್ ಹಾಕಿಸಿದರೆ, ಅಂದರೆ ಕೆಲಸ ಬಿಟ್ಟು ಓಡಿಹೋದನೆಂದು ದಾಖಲಿಸಿದರೆ, ಅಲ್ಲಿ ಇರುವುದೂ ಕಷ್ಟ, ಮರಳಿ ಬರುವುದೂ ಕಷ್ಟ.

ಕರಾರಿನಲ್ಲಿ ಏನು ನೋಡಬೇಕು?

ಕಸುಬಿನ ಹೆಸರು ಸರಿಯಾಗಿರಬೇಕು. ವೆಲ್ಡರ್‌ಗೆ ಲೇಬರ್ ಎಂದು ಬರೆದಿದ್ದರೆ ಒಪ್ಪಬೇಡಿ. ಮೂಲ ಸಂಬಳ ಎಷ್ಟು, ಭತ್ಯೆ ಎಷ್ಟು ಎಂದು ಬೇರೆಬೇರೆಯಾಗಿ ನೋಡಿ, ಏಕೆಂದರೆ ಓವರ್‌ಟೈಮ್, ಕೆಲಸ ಬಿಡುವಾಗಿನ ಹಣ ಎಲ್ಲವೂ ಹೆಚ್ಚಾಗಿ ಮೂಲ ಸಂಬಳದ ಲೆಕ್ಕದಲ್ಲಿ ಬರುತ್ತವೆ. ದಿನಕ್ಕೆ ಎಷ್ಟು ಗಂಟೆ, ವಾರದ ರಜೆ ಯಾವಾಗ, ವಸತಿ, ಊಟ, ಚಿಕಿತ್ಸೆ, ಹೋಗಿಬರುವ ಟಿಕೆಟ್ ಯಾರ ಖರ್ಚು ಎಂದು ಬರೆದಿರಬೇಕು.

ಯುಎಇಯಲ್ಲಿ ಕೆಲಸದ ಆಫರ್ ಪತ್ರವನ್ನು ಕೆಲಸಗಾರನಿಗೆ ಅರ್ಥವಾಗುವ ಭಾಷೆಯಲ್ಲೂ ಕೊಡುವ ವ್ಯವಸ್ಥೆ 2016ರಿಂದ ಇದೆ. ಅಲ್ಲಿ ಕೊಡುವ ಭಾಷೆಗಳಲ್ಲಿ ಕನ್ನಡವಿಲ್ಲ, ಆದರೆ ಉರ್ದು, ಹಿಂದಿ, ತಮಿಳು, ಮಲಯಾಳಂ ಇವೆ. ಗಡಿಯ ಈ ಊರುಗಳಲ್ಲಿ ಉರ್ದುವೋ ತಮಿಳೋ ಓದಬಲ್ಲವರು ಮನೆಗೊಬ್ಬರಲ್ಲದಿದ್ದರೂ ಬೀದಿಗೊಬ್ಬರು ಸಿಗುತ್ತಾರೆ. ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಸಹಿ ಹಾಕಿದ ಪ್ರತಿ ಮನೆಯಲ್ಲೂ ಇರಲಿ, ಅಲ್ಲಿಗೆ ಹೋದ ಮೇಲೆ ಕಡಿಮೆ ಸಂಬಳದ ಬೇರೆ ಕಾಗದ ಮುಂದಿಟ್ಟರೆ ಮೊದಲಿನದನ್ನು ತೋರಿಸಬಹುದು.

ಅಲ್ಲಿನ ಕಾನೂನಿನಲ್ಲಿ ಇರುವ ಹಕ್ಕುಗಳು

ಯುಎಇಯ 2021ರ ಹೊಸ ಕಾರ್ಮಿಕ ಕಾನೂನಿನಂತೆ ನೇಮಕಾತಿಯ ಖರ್ಚನ್ನು ಕೆಲಸಗಾರನ ಮೇಲೆ ಹಾಕುವಂತಿಲ್ಲ, ಅವನ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತಿಲ್ಲ. ಬೇಸಿಗೆಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಿನ ಕೆಲಸಕ್ಕೆ ನಿಷೇಧವಿದೆ. ಕತಾರ್ 2020ರಲ್ಲಿ, ಕೆಲಸ ಬದಲಿಸಲು ಮಾಲೀಕನ ಒಪ್ಪಿಗೆ ಬೇಕೆಂಬ ನಿಯಮ ತೆಗೆಯಿತು. ಅಲ್ಲಿ 2021ರ ಮಾರ್ಚ್‌ನಿಂದ ಕನಿಷ್ಠ ಸಂಬಳ 1,000 ರಿಯಾಲ್, ಮಾಲೀಕ ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ಹೆಚ್ಚುವರಿ. ಸೌದಿಯಲ್ಲೂ 2021ರ ಮಾರ್ಚ್‌ನಿಂದ ಖಾಸಗಿ ಕಂಪನಿಗಳ ಕೆಲಸಗಾರರು ಒಂದು ವರ್ಷದ ನಂತರ ಮಾಲೀಕನನ್ನು ಬದಲಿಸಬಹುದು. ಮನೆಗೆಲಸದವರು, ಮನೆ ಡ್ರೈವರ್‌ಗಳು, ತೋಟದವರು ಆ ಸುಧಾರಣೆಯೊಳಗೆ ಬರಲಿಲ್ಲ. "ಹೌಸ್ ಡ್ರೈವರ್" ಎಂಬ ವೀಸಾ ಬಂದಾಗ ಇದು ನೆನಪಿರಲಿ.

ಸಂಬಳ ಬರದಿದ್ದರೆ ಸುಮ್ಮನೆ ತಿಂಗಳುಗಟ್ಟಲೆ ಕಾಯಬಾರದು, ಕೆಲಸ ಬಿಟ್ಟು ಓಡಲೂ ಬಾರದು. ಮೊದಲು ಅಲ್ಲಿನ ಕಾರ್ಮಿಕ ಇಲಾಖೆಗೆ ದೂರು, ಜೊತೆಗೆ ಭಾರತದ ರಾಯಭಾರ ಕಚೇರಿಗೆ ತಿಳಿಸುವುದು. ಮನೆಯವರು ಇಲ್ಲಿಂದಲೇ ವಿದೇಶಾಂಗ ಇಲಾಖೆಯ ಮದದ್ ಎಂಬ ವೆಬ್‌ಸೈಟಿನಲ್ಲಿ ದೂರು ದಾಖಲಿಸಬಹುದು. 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ, ಸಿಕ್ಕಿಬಿದ್ದವರ ವಸತಿ, ವಿಮಾನದ ಟಿಕೆಟ್, ಕಾನೂನು ನೆರವಿಗೆ ರಾಯಭಾರ ಕಚೇರಿಗಳು ಖರ್ಚು ಮಾಡುತ್ತವೆ.

ಮನೆಯವರಿಗೆ ಒಂದು ಮಾತು

ಮಗನ ವೀಸಾಕ್ಕೆ ಗಿರವಿ ಹೋಗುವುದು ಅಮ್ಮನ, ಹೆಂಡತಿಯ ಒಡವೆ. ಆದ್ದರಿಂದ ಕಾಗದ ನೋಡುವ ಹಕ್ಕು ಅವರಿಗೂ ಇದೆ. ಒಡವೆ ಕೊಡುವ ಮೊದಲು ಏಜೆಂಟ್‌ನ ನೋಂದಣಿ ಸಂಖ್ಯೆ, ಕಂಪನಿಯ ಹೆಸರು, ಕರಾರಿನ ಪ್ರತಿ, ಹಣದ ರಸೀದಿ ಕೇಳಿ. "ಹೆಂಗಸರಿಗೆ ಇದೆಲ್ಲ ಯಾಕೆ" ಎನ್ನುವ ಏಜೆಂಟ್‌ನ ಮಾತಿಗೆ ಬೀಳಬೇಡಿ. ಪಾಸ್‌ಪೋರ್ಟ್, ವೀಸಾ, ಕರಾರು, ವಿಮೆ ನಾಲ್ಕರ ನಕಲು ಮನೆಯ ಪೆಟ್ಟಿಗೆಯಲ್ಲಿರಲಿ. ಆಪತ್ತು ಬಂದಾಗ ದೂರು ಕೊಡಬೇಕಾದವರು ನೀವೇ.

ಸಮುದಾಯದ ಹಿರಿಯರಲ್ಲೂ ಒಂದು ವಿನಂತಿ. ಓದಿದ ಯುವಕರಿಬ್ಬರು ಜುಮಾದ ನಂತರ ಅರ್ಧ ಗಂಟೆ ಮಸೀದಿಯಲ್ಲಿ ಕೂತು, ಹೊರಡುವವರ ಏಜೆಂಟ್ ನೋಂದಣಿಯನ್ನು ಮೊಬೈಲ್‌ನಲ್ಲಿ ನೋಡಿಕೊಟ್ಟರೆ, ಕರಾರು ಓದಿ ಹೇಳಿದರೆ, ಎಷ್ಟೋ ಮನೆಗಳು ಸಾಲದಿಂದ ಉಳಿಯುತ್ತವೆ. ಇದಕ್ಕೆ ಖರ್ಚೇನೂ ಇಲ್ಲ. ಸಅದ್(ರ) ಪೇಟೆಯ ದಾರಿ ತೋರಿಸಿದಂತೆ ನಾವೂ ತೋರಿಸಿದಂತಾಗುತ್ತದೆ.

ದೂರ ದೇಶದಲ್ಲಿ ಬೆವರು ಸುರಿಸಿ ಮನೆ ಸಾಕುತ್ತಿರುವ ನಮ್ಮ ಮಕ್ಕಳಿಗೆ ಅಲ್ಲಾಹನು ಆರೋಗ್ಯವನ್ನೂ, ಹಲಾಲ್ ರಿಝ್ಕನ್ನೂ, ಸುರಕ್ಷಿತವಾಗಿ ಮನೆಗೆ ಮರಳುವ ಭಾಗ್ಯವನ್ನೂ ಕರುಣಿಸಲಿ. ಆಮೀನ್.