ಹೆಜ್ ಫಂಡಿನ ಆದ್ಯ ಪುರುಷ

ಹೆಜ್ ಫಂಡ್ ಎಂಬ ಖಾಸಗಿ ಹೂಡಿಕೆನಿಧಿಗೆ ಮೂಲಪುರುಷರೆನಿಸಿದವರು ವರ್ತಕರಲ್ಲ, ಸಮಾಜಶಾಸ್ತ್ರದ ವಿದ್ವಾಂಸರು. 1900ರಲ್ಲಿ ಮೆಲ್ಬರ್ನಿನಲ್ಲಿ ಜನಿಸಿ, ಹಾರ್ವರ್ಡಿನಲ್ಲಿ ವ್ಯಾಸಂಗ ಮಾಡಿ, ಬರ್ಲಿನ್ನಿನ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಸೇವೆ ಸಲ್ಲಿಸಿ, ಕೊಲಂಬಿಯ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟನ್ನೂ ಪಡೆದ ಆಲ್‌ಫ್ರೆಡ್ ವಿನ್ಸ್‌ಲೊ ಜೋನ್ಸರು, ‘ಫಾರ್ಚೂನ್’ ಪತ್ರಿಕೆಗಾಗಿ ಷೇರುಪೇಟೆಯ ಗತಿಯನ್ನು ಕುರಿತು ಲೇಖನ ಸಿದ್ಧಪಡಿಸುತ್ತಿದ್ದಾಗ, ತಾವೇ ಆ ಕ್ಷೇತ್ರಕ್ಕಿಳಿಯಲು ಸಂಕಲ್ಪಿಸಿದರು.

1949ರಲ್ಲಿ ಕೂಡಿಸಿದ ಮೂಲಧನ 1 ಲಕ್ಷ ಡಾಲರು. ಅದರಲ್ಲಿ 40 ಸಾವಿರ ಅವರದೇ. ಅವರ ವಿಧಾನ ಇದು: ಏರುವುವೆಂದು ತೋರಿದ ಷೇರುಗಳನ್ನು ಸಾಲ ಮಾಡಿಯಾದರೂ ಕೊಳ್ಳುವುದು; ಇಳಿಯುವುವೆಂದು ತೋರಿದವನ್ನು ಎರವಲು ತಂದು ಮಾರಿ, ಬೆಲೆ ಕುಸಿದ ಬಳಿಕ ಕೊಂಡು ಹಿಂದಿರುಗಿಸುವುದು. 50 ಡಾಲರಿಗೆ ಮಾರಿದ್ದನ್ನು 40ಕ್ಕೆ ಕೊಂಡರೆ ಉಳಿದ 10 ಲಾಭ. ಪೇಟೆಯೆಲ್ಲ ಒಮ್ಮೆಗೇ ಕುಸಿದಾಗಲೂ ಒಂದು ಪಾರ್ಶ್ವದ ನಷ್ಟವನ್ನು ಇನ್ನೊಂದು ಪಾರ್ಶ್ವದ ಲಾಭವು ಬಹುಮಟ್ಟಿಗೆ ತುಂಬಿಕೊಡುವ ಈ ಯುಕ್ತಿಯಲ್ಲಿ ನನಗೆ ಕಾಣುವುದು ಲೋಭವಲ್ಲ, ತನ್ನ ಊಹೆಯೂ ತಪ್ಪಾದೀತೆಂದು ಮೊದಲೇ ಒಪ್ಪಿಕೊಂಡ ವಿವೇಕ.

ಲಾಭ ಬಂದರೆ ಮಾತ್ರ ಅದರ ಶೇಕಡ 20 ಅವರ ಪಾಲು. ಹೂಡಿಕೆದಾರರ ಹಣದೊಡನೆ ಅವರ ಹಣವೂ ಅಲ್ಲಿಯೇ ಇದ್ದಿತು.

1966ರಲ್ಲಿ ಅದೇ ಪತ್ರಿಕೆಯಲ್ಲಿ ಪತ್ರಕರ್ತೆ ಕ್ಯಾರಲ್ ಲೂಮಿಸರು ಜೋನ್ಸರ ಸಾಧನೆಯನ್ನು ಬಣ್ಣಿಸಿದ ಮೇಲೆ ಅನುಕರಣಕಾರರು ತಂಡತಂಡವಾಗಿ ಹುಟ್ಟಿದರು. ಅವರಲ್ಲಿ ಬಹಳ ಮಂದಿ, ಸಾಲವನ್ನು ಮಾತ್ರ ಅನುಕರಿಸಿ, ಎರವಲು ತಂದು ಮಾರುವುದರಿಂದ ದೊರೆಯುವ ರಕ್ಷಣೆಯನ್ನು ಕಡೆಗಣಿಸಿದ್ದರಿಂದ, 1969–70ರ ಕುಸಿತದಲ್ಲಿ ಭಾರಿ ನಷ್ಟಕ್ಕೆ ಗುರಿಯಾದರು.