ಕುಡಿದು ಓಡಿಸಿದವರಿಗೆ ಊರೆದುರು ಶಿಕ್ಷೆ ಸರಿಯೇ?

ಪ್ರಶ್ನೆ: ಕುಡಿದು ಗಾಡಿ ಓಡಿಸಿದವರನ್ನು ಬೋರ್ಡ್ ಹಿಡಿಸಿ ಸರ್ಕಲ್‌ನಲ್ಲಿ ನಿಲ್ಲಿಸಿದರೆ ಬುದ್ಧಿ ಬರುವುದಿಲ್ಲವೇ? ಕಾನೂನು ಒಪ್ಪುತ್ತದೆಯೇ?
– ಓದುಗರೊಬ್ಬರು, ಕೊತ್ತಗೆರೆ, ಕುಣಿಗಲ್ ತಾ.

ಉತ್ತರ: ಪೊಲೀಸರು ತಾವಾಗಿಯೇ ಹಾಗೆ ಶಿಕ್ಷಿಸುವಂತಿಲ್ಲ, ಶಿಕ್ಷೆ ವಿಧಿಸುವುದು ನ್ಯಾಯಾಲಯ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ, 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. ಮೊದಲ ಸಲ ಆರು ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು, 15,000 ರೂಪಾಯಿ ದಂಡ ಅಥವಾ ಎರಡೂ. ಲೈಸೆನ್ಸ್ ಕೂಡ ಅಮಾನತಾಗಬಹುದು. ಊರೆದುರು ನಿಲ್ಲಿಸುವ ಮಾತು ಈ ಸೆಕ್ಷನ್‌ನಲ್ಲಿಲ್ಲ.

ಆದರೂ ನಾಚಿಕೆಯ ದಾರಿ ಹಿಡಿದದ್ದುಂಟು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಂಚಾರ ಪೊಲೀಸರು, ಕುಡಿದು ಬಸ್ ಓಡಿಸಿ ಸಿಕ್ಕಿಬಿದ್ದ ಚಾಲಕರನ್ನು ಠಾಣೆಯಲ್ಲಿ ಕೂರಿಸಿ, ಇನ್ನು ಮುಂದೆ ಹಾಗೆ ಮಾಡುವುದಿಲ್ಲವೆಂದು ಸಾವಿರ ಸಲ ಬರೆಸಿದರು. ಅಮೆರಿಕದ ಒಹಾಯೊ ರಾಜ್ಯದಲ್ಲಿ ಕೆಲವು ಅಪರಾಧಿಗಳ ಕಾರಿಗೆ ಹಳದಿ ಹಲಗೆ, ಕೆಂಪು ಅಕ್ಷರದ ನಂಬರ್ ಪ್ಲೇಟ್ ಹಾಕಿಸುತ್ತಾರೆ. ಅಲ್ಲಿ ಅದಕ್ಕೆ ಕಾನೂನಿನ ಬಲವಿದೆ.

ನನ್ನ ಅಭಿಪ್ರಾಯ ಸ್ಪಷ್ಟ. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಒಬ್ಬನ ಮಾನ ಕಳೆದರೆ ತಪ್ಪೇ ಮಾಡದ ಹೆಂಡತಿ ಮಕ್ಕಳೂ ತಲೆತಗ್ಗಿಸಬೇಕಾಗುತ್ತದೆ. ಕುಡಿತದ ಚಟ ಅವಮಾನದಿಂದ ಬಿಡುವುದೂ ಅಪರೂಪ. ಸಿಕ್ಕಿಬೀಳುವುದು ಖಚಿತ ಎಂಬ ಭಯವೇ ಹೆಚ್ಚು ಕೆಲಸ ಮಾಡುತ್ತದೆ. ಕುಣಿಗಲ್ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 75ರಲ್ಲೂ ಒಳರಸ್ತೆಗಳಲ್ಲೂ ರಾತ್ರಿ ತಪಾಸಣೆ ತಪ್ಪದೆ ನಡೆಯಲಿ ಎಂದು ಒತ್ತಾಯಿಸಿ. ಕುಡಿದವರ ಕೈಯಿಂದ ಕೀ ಕಿತ್ತುಕೊಳ್ಳುವ ಧೈರ್ಯ ಜೊತೆಗಿದ್ದವರಿಗೂ ಇರಲಿ.