ಬಾಣಂತನ ಮುಗಿದರೂ ನೋವು ಮುಗಿಯಲಿಲ್ಲವೇ?

ಹೆರಿಗೆಯಾಗಿ ನಲವತ್ತು ದಿನ ಕಳೆದಿದೆ. ನಿಫಾಸಿನ ಸ್ನಾನವೂ ಆಗಿದೆ. ತವರಿನಿಂದ ಗಂಡನ ಮನೆಗೆ ಹೊರಡುವ ಸಿದ್ಧತೆ ನಡೆದಿದೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆಂದು ಎಲ್ಲರೂ ಹೇಳುತ್ತಾರೆ. ಆದರೆ ಆಕೆಗೆ ನೆಲದ ಮೇಲೆ ಕೂರಲಾಗುತ್ತಿಲ್ಲ. ಹೊಲಿಗೆ ಹಾಕಿದ ಜಾಗ ಚುಚ್ಚುತ್ತದೆ. ಕಿಬ್ಬೊಟ್ಟೆ ಎಳೆದಂತಾಗುತ್ತದೆ. ಪತಿ ಹತ್ತಿರ ಬಂದರೆ ಭಯ. ಯಾರಲ್ಲಾದರೂ ಹೇಳಿಕೊಂಡರೆ "ಹೆತ್ತವರಿಗೆಲ್ಲ ಇದು ಇದ್ದದ್ದೇ" ಎಂಬ ಉತ್ತರ.

ಸಹೋದರಿಯರೇ, ಹೆರಿಗೆಯ ನಂತರ ಕೆಲವು ವಾರ ನೋವಿರುವುದು ಸಹಜ. ಆದರೆ ಅದು ಕ್ರಮೇಣ ಕಡಿಮೆಯಾಗುತ್ತಾ ಬರಬೇಕು. ಆರು ವಾರ ಕಳೆದರೂ ಹಾಗೆಯೇ ಉಳಿದರೆ ಅಥವಾ ಹೆಚ್ಚಿದರೆ ಅದು ಸಹಿಸಿಕೊಳ್ಳಬೇಕಾದ ನೋವಲ್ಲ, ಚಿಕಿತ್ಸೆ ಪಡೆಯಬೇಕಾದ ನೋವು.

ನೋವು ಏಕೆ ಉಳಿಯುತ್ತದೆ?

ಸಹಜ ಹೆರಿಗೆಯಲ್ಲಿ ಯೋನಿ ಮತ್ತು ಗುದದ್ವಾರದ ನಡುವಿನ ಭಾಗ ಕೆಲವೊಮ್ಮೆ ಹರಿಯುತ್ತದೆ. ಕೆಲವೊಮ್ಮೆ ವೈದ್ಯರೇ ಅಲ್ಲಿ ಕತ್ತರಿಸಿ ದಾರಿ ಮಾಡುತ್ತಾರೆ. ಎಲ್ಲ ಹೆರಿಗೆಗಳಲ್ಲೂ ವಾಡಿಕೆಯಂತೆ ಹೀಗೆ ಕತ್ತರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೊಲಿಗೆಯ ನೂಲು ಸಾಮಾನ್ಯವಾಗಿ ತಾನಾಗಿಯೇ ಕರಗುತ್ತದೆ. ಮೇಲಿನ ಗಾಯ ಕೂಡಿಕೊಂಡರೂ ಒಳಗಿನ ಕಲೆ ಮೆದುವಾಗಲು ತಿಂಗಳುಗಳೇ ಬೇಕು. ಕೆಲವರಲ್ಲಿ ಅದು ಗಟ್ಟಿಯಾಗಿ ಸುತ್ತಲಿನ ಚರ್ಮವನ್ನು ಎಳೆಯುತ್ತದೆ. ಇನ್ನು ಕೆಲವರಲ್ಲಿ ಮುಟ್ಟಿದರೆ ರಕ್ತ ಒಸರುವ ಕೆಂಪು ಮಾಂಸ ಬೆಳೆಯುತ್ತದೆ.

ಸಿಸೇರಿಯನ್ ಆದವರಲ್ಲಿ ಕಲೆಯ ಬಳಿ ನರ ಸಿಕ್ಕಿಕೊಂಡರೆ ಉರಿ, ಚುಚ್ಚುವಿಕೆ ಉಂಟಾಗಬಹುದು. ಕಲೆಯಲ್ಲಿ ಗಂಟು ಕಾಣಿಸಿಕೊಂಡು ಪ್ರತಿ ಮುಟ್ಟಿನ ಸಮಯದಲ್ಲಿ ನೋಯುತ್ತಿದ್ದರೆ ವೈದ್ಯರಿಗೆ ತಿಳಿಸಲೇಬೇಕು. ಗರ್ಭಕೋಶದ ಒಳಪದರದಂಥ ಅಂಗಾಂಶ ಅಲ್ಲಿ ಬೆಳೆದಿರಬಹುದು.

ಎದೆಹಾಲುಣಿಸುವಾಗ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಿರುವುದರಿಂದ ಯೋನಿ ಒಣಗಿ ಉರಿಯುವುದೂ ಇದೆ.

ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಕಾರಣವಿದೆ. ಮಲಮೂತ್ರ ತಡೆಹಿಡಿಯುವ ಕೆಳಭಾಗದ ಸ್ನಾಯುಗಳು ನೋವಿಗೆ ಹೆದರಿ ಬಿಗಿದುಕೊಳ್ಳುತ್ತವೆ. ಗಾಯ ಮಾಗಿದ ಮೇಲೂ ಆ ಬಿಗಿತ ಉಳಿದುಬಿಡುತ್ತದೆ.

ಚಿಕಿತ್ಸೆ ಏನಿದೆ?

ಕಾರಣಕ್ಕೆ ತಕ್ಕ ಚಿಕಿತ್ಸೆಯಿದೆ. ಕೆಂಪು ಮಾಂಸ ಬೆಳೆದಿದ್ದರೆ ವೈದ್ಯೆ ಸಿಲ್ವರ್ ನೈಟ್ರೇಟ್ ಹಚ್ಚಿ ಒಣಗಿಸುತ್ತಾರೆ. ಒಣಗಿದ ಯೋನಿಗೆ ಜಾರುಕ ಜೆಲ್ ಅಥವಾ ಈಸ್ಟ್ರೋಜನ್ ಮುಲಾಮು ಕೊಡುತ್ತಾರೆ. ನರದ ನೋವಿಗೆ ಮರಗಟ್ಟಿಸುವ ಚುಚ್ಚುಮದ್ದು ಇದೆ. ಕಲೆಯ ಗಂಟನ್ನು ಶಸ್ತ್ರಕ್ರಿಯೆಯಿಂದ ತೆಗೆಯಬಹುದು.

ಗಾಯ ಪೂರ್ತಿ ಮಾಗಿದ ಬಳಿಕ, ವೈದ್ಯೆಯ ಒಪ್ಪಿಗೆ ಪಡೆದು ಕಲೆಗೆ ಮಾಲೀಶು ಮಾಡಬಹುದು. ಕೈ ಚೆನ್ನಾಗಿ ತೊಳೆದು, ಶುದ್ಧ ಎಣ್ಣೆ ಸವರಿ, ಬೆರಳ ತುದಿಯಿಂದ ಕಲೆಯನ್ನು ಮೇಲೆ ಕೆಳಗೆ, ಅತ್ತ ಇತ್ತ ಮೆಲ್ಲನೆ ಸರಿಸಬೇಕು. ದಿನಕ್ಕೆ ಐದು ನಿಮಿಷ ಸಾಕು.

ಹೆರಿಗೆಯಾದವರಿಗೆಲ್ಲ ಕೆಗಲ್ ವ್ಯಾಯಾಮ ಮಾಡಿ ಎನ್ನುವುದು ರೂಢಿ. ಸ್ನಾಯು ಸಡಿಲವಾಗಿದ್ದರೆ ಇದು ಒಳ್ಳೆಯದು. ಆದರೆ ಅದಾಗಲೇ ಬಿಗಿದಿದ್ದರೆ ಮತ್ತೆ ಬಿಗಿಗೊಳಿಸುವುದರಿಂದ ನೋವು ಹೆಚ್ಚಬಹುದು. ಅಂಥವರು ಮೊದಲು ಸಡಿಲಿಸುವುದನ್ನು ಕಲಿಯಬೇಕು. ಇದನ್ನು ಕಲಿಸುವ ಮಹಿಳಾ ಫಿಸಿಯೋಥೆರಪಿಸ್ಟ್‌ಗಳಿದ್ದಾರೆ. ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಿರಿ.

ಮನೆಯಲ್ಲಿ ಗಮನಿಸಬೇಕಾದದ್ದು

ಬಾಣಂತಿಗೆ ನೀರು, ಸೊಪ್ಪು, ಹಣ್ಣು ಕೊಡಬಾರದೆಂಬ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ಇದರಿಂದ ಮಲಬದ್ಧತೆಯಾಗುತ್ತದೆ. ಮುಕ್ಕುವಾಗ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ಆಕೆಗೆ ಬೇಕಾದಷ್ಟು ನೀರು ಕೊಡಿ. ಹೊಲಿಗೆಗೆ ಸುಡುನೀರು, ಕೆಂಡದ ಶಾಖ ಬೇಡ. ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಕೂತರೆ ಹಿತವೆನಿಸುತ್ತದೆ. ನಮಾಝಿನಲ್ಲಿ ನೆಲದ ಮೇಲೆ ಕೂರಲಾಗದಿದ್ದರೆ ಕುರ್ಚಿಯಲ್ಲಿ ಕೂತು ನಿರ್ವಹಿಸಲು ಅವಕಾಶವಿದೆ.

ಜ್ವರ, ಕೀವು, ದುರ್ವಾಸನೆಯ ಸ್ರಾವ, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ, ಹೊಲಿಗೆ ಬಿಚ್ಚಿಕೊಳ್ಳುವುದು, ಒಂದು ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು ಇವುಗಳಲ್ಲಿ ಯಾವುದೇ ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ಮಲಮೂತ್ರದ ಮೇಲೆ ಹಿಡಿತ ತಪ್ಪಿದ್ದರೆ ಅದನ್ನೂ ಮುಚ್ಚಿಡಬೇಡಿ.

ಸಂಕೋಚ ಬೇಡ

ರಕ್ತ ನಿಂತು ಸ್ನಾನವಾದ ಬಳಿಕ ದಾಂಪತ್ಯ ಸಂಬಂಧಕ್ಕೆ ಅನುಮತಿಯಿದೆ. ನೋವಿದ್ದರೂ ಒಪ್ಪಲೇಬೇಕೆಂದು ಅದರ ಅರ್ಥವಲ್ಲ. ಪತಿಯಂದಿರು ಇದನ್ನು ಅರಿಯಬೇಕು. ಪತ್ನಿ ಬಾಯಿಬಿಡುವ ಮುನ್ನವೇ "ನೋವಿದೆಯಾ?" ಎಂದು ಕೇಳಬೇಕು. ಅತ್ತೆಯಂದಿರೂ ತಾವು ಮೌನವಾಗಿ ಸಹಿಸಿದ್ದನ್ನು ಸೊಸೆಯೂ ಸಹಿಸಲೆಂದು ಬಯಸಬಾರದು.

ಲಜ್ಜೆ ಉತ್ತಮ ಗುಣ, ನಿಜ. ಆದರೆ ತಿಳಿಯಬೇಕಾದದ್ದನ್ನು ಕೇಳಲು ಅನ್ಸಾರ್ ಮಹಿಳೆಯರಿಗೆ ಲಜ್ಜೆ ಅಡ್ಡಿಯಾಗಲಿಲ್ಲವೆಂದು ಹಝ್ರತ್ ಆಯಿಷಾ (ರ) ಅವರನ್ನು ಪ್ರಶಂಸಿಸಿದ್ದಾರೆ. ವೈದ್ಯೆಯ ಮುಂದೆ ನಾವೇಕೆ ನಾಚಬೇಕು?

ಆರನೇ ವಾರ ಮಗುವಿಗೆ ಲಸಿಕೆ ಹಾಕಿಸಲು ನೀವು ಹೇಗೂ ಆಸ್ಪತ್ರೆಗೆ ಹೋಗುತ್ತೀರಿ. ಅಂದೇ ನಿಮ್ಮ ತಪಾಸಣೆಯನ್ನೂ ಮಾಡಿಸಿಕೊಳ್ಳಿ. 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಮಗುವಿನ ತೂಕದ ಜೊತೆ ನಿಮ್ಮ ನೋವನ್ನೂ ತಿಳಿಸಿ. ಹೆತ್ತು ವರ್ಷಗಳೇ ಕಳೆದಿದ್ದರೂ ತಡವಾಯಿತೆಂದು ಸುಮ್ಮನಿರಬೇಡಿ. ಹಳೆಯ ನೋವಿಗೂ ಚಿಕಿತ್ಸೆಯಿದೆ.